ನಾಣ್ಯ ಪ್ರಶ್ನೋತ್ತರ: ಜ್ಯುಬಿಲಿ ಕ್ರೌನ್ ಬೆಳ್ಳಿಯದೇ?

ಪ್ರಶ್ನೆ: ಹಡಗಿನಲ್ಲಿ ಕೆಲಸಕ್ಕಿದ್ದ ಮಾವ ತಂದುಕೊಟ್ಟ 1977ರ ದೊಡ್ಡ ನಾಣ್ಯವೊಂದಿದೆ. ಕುದುರೆಯೇರಿದ ಎಲಿಜಬೆತ್ ರಾಣಿಯ ಚಿತ್ರವಿದೆ, ಬೆಲೆ ಬರೆದಿಲ್ಲ. ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಾಗಾದರೆ ಬೆಳ್ಳಿಯೇ ತಾನೆ?
– ಓದುಗರು, ಕಾರವಾರ

ಉತ್ತರ: ಅಷ್ಟರಿಂದ ಹೇಳಲಾಗದು. ರಾಣಿ ಪಟ್ಟವೇರಿ 25 ವರ್ಷವಾದಾಗ ಕೋಟಿಗಟ್ಟಲೆ ಅಚ್ಚಾದ ಈ ಕ್ರೌನ್ (ಬ್ರಿಟನ್ನಿನ ದೊಡ್ಡ ನಾಣ್ಯ) ತಾಮ್ರ-ನಿಕ್ಕಲ್ ಮಿಶ್ರಣದ್ದು. ಅದೂ ಅಯಸ್ಕಾಂತಕ್ಕೆ ಅಂಟದು. ಸಂಗ್ರಾಹಕರಿಗೆಂದು ಮಾಡಿದ ಬೆಳ್ಳಿಯ ಪ್ರತಿಯಲ್ಲಿ ಸಾವಿರಕ್ಕೆ 925 ಪಾಲು ಬೆಳ್ಳಿ. ಎರಡೂ 28.28 ಗ್ರಾಂ, ಎರಡರ ಅಡ್ಡಳತೆಯೂ 38.61 ಮಿ.ಮೀ. ಕನ್ನಡಿಯಂಥ ಹೊಳಪನ್ನೂ ನಂಬಬೇಡಿ, ತಾಮ್ರ-ನಿಕ್ಕಲ್‌ನಲ್ಲೂ ಹಾಗೆ ಹೊಳೆಯುವಂತೆ ವಿಶೇಷವಾಗಿ ಅಚ್ಚುಹಾಕಿದ ‘ಪ್ರೂಫ್’ ಪ್ರತಿಗಳಿವೆ.

ನೀರಿನಲ್ಲಿ ತೂಗಿ ನೋಡಿ. 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿದ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಸುಮಾರು 2.73 ಬಂದರೆ ಬೆಳ್ಳಿ, 3.16ರ ಹತ್ತಿರ ಬಂದರೆ ತಾಮ್ರ-ನಿಕ್ಕಲ್. ಗುಳ್ಳೆ ಅಂಟಿಕೊಂಡಿದ್ದರೆ ಅಂಕಿ ಏರಿ, ಒಳ್ಳೆಯ ಬೆಳ್ಳಿಯೂ ಕಲಬೆರಕೆಯಂತೆ ಕಾಣುತ್ತದೆ. ದಾರ ಅಲುಗಾಡಿಸಿ ಗುಳ್ಳೆ ಬಿಡಿಸಿ. ಕಡಲ ದಂಡೆಯ ಬಾವಿ ನೀರು ಬೇಡ, ಅದರ ಉಪ್ಪು ಲೋಹಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ನಮ್ಮಲ್ಲಿರುವುದು ಐದನೇ ಜಾರ್ಜ್‌ನ 1935ರ ಕ್ರೌನ್. ಬೆಳ್ಳಿ ಅರ್ಧವೇ ಎನ್ನುತ್ತಾರೆ ಅಕ್ಕಸಾಲಿಗರು. ಮಳೆಗಾಲದಲ್ಲಿ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ತಿಕ್ಕಬಹುದೇ?
– ಓದುಗರು, ಶಿರಸಿ

ಉತ್ತರ: ಅವರು ಹೇಳಿದ್ದು ಸರಿ. 1920ರಲ್ಲೇ ಬ್ರಿಟನ್ ತನ್ನ ಬೆಳ್ಳಿ ನಾಣ್ಯಗಳನ್ನು ಅರ್ಧಕ್ಕೆ ಇಳಿಸಿತ್ತು. ಆದರೆ ಅಂಚನ್ನು ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಅಲ್ಲಿ ‘ಡೆಕಸ್ ಎಟ್ ಟುಟಾಮೆನ್’ ಎಂಬ ಲ್ಯಾಟಿನ್ ಸಾಲಿದೆ. ಸಾಮಾನ್ಯ ಪ್ರತಿಯಲ್ಲಿ ಅಕ್ಷರಗಳು ಒಳಗೆ ಕೊರೆದಂತಿರುತ್ತವೆ. ಉಬ್ಬಿದ್ದರೆ ಅದು 925 ಬೆಳ್ಳಿಯ 2,500 ಪ್ರತಿಗಳಲ್ಲೊಂದು, ಬೆಲೆಯೇ ಬೇರೆ.

ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಕಪ್ಪು ಎಂದರೆ ಗಾಳಿಯ ಗಂಧಕ ಸೇರಿ ಆದ ಬೆಳ್ಳಿ ಸಲ್ಫೈಡ್, ತೆಳು ಪದರ ಅಷ್ಟೇ. ತಿಕ್ಕಿದರೆ ಗೀರು ಬಿದ್ದು ಮೂಲ ಮೈ ಹೋಗುತ್ತದೆ. ಸಂಗ್ರಾಹಕರು ಕೊಡಲೊಪ್ಪುವ ಬೆಲೆಯೂ ಇಳಿಯುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ, ಪಿವಿಸಿ ಕವರ್ ದೂರವಿಡಿ. ಪಿವಿಸಿಯಿಂದ ಹಸಿರು ಅಂಟು ಬರುತ್ತದೆ. ಬಂದಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ, ಹತ್ತಿರ ಬೆಂಕಿ ಇರಬಾರದು. ನಂತರ ಮೈಲಾರ್ ಎಂಬ ಪಿವಿಸಿ ಅಲ್ಲದ ಪ್ಲಾಸ್ಟಿಕ್ಕಿನ ಕವರಿಗೆ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಶಿರಸಿಯ ಮಳೆಗೆ ಜೆಲ್ ಬೇಗ ತೇವ ಹೀರಿಕೊಳ್ಳುತ್ತದೆ, ಆಗಾಗ ಬದಲಿಸಬೇಕು.

ಪ್ರಶ್ನೆ: ರಾಜ-ರಾಣಿಯ ಮುಖ, ಹಿಂದೆ 1910 ಮತ್ತು 1935, ಮೇಲೆ ಕೊಂಡಿ. ಇದು ಯಾವ ರೂಪಾಯಿ?
– ಓದುಗರು, ಅಂಕೋಲಾ

ಉತ್ತರ: ನಾಣ್ಯವಲ್ಲ, ಐದನೇ ಜಾರ್ಜ್‌ನ ರಜತ ಮಹೋತ್ಸವದ ಪದಕ. ಕೊಂಡಿ ಕತ್ತರಿಸಬೇಡಿ. ಪದಕ ನೇತುಹಾಕುವ ಕೆಂಪು ಪಟ್ಟಿ ಉಳಿದಿದ್ದರೆ ಜೊತೆಗೇ ಇಡಿ.