ನೆಗಡಿ, ಜ್ವರದಂಥ ಸಣ್ಣ ಕಾಯಿಲೆಗೆ ಮೊಬೈಲ್ ಆ್ಯಪ್‌ನಲ್ಲೇ ಡಾಕ್ಟರಿಗೆ ತೋರಿಸಬಹುದಾ?

ತೋರಿಸಬಹುದು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್‌ಗೆ, ಅಂದರೆ ಫೋನ್, ವಿಡಿಯೋ ಮೂಲಕ ಡಾಕ್ಟರಿಗೆ ತೋರಿಸುವುದಕ್ಕೆ, ನಿಯಮ ಮಾಡಿತು. ಏಪ್ರಿಲ್‌ನಲ್ಲಿ ಇ-ಸಂಜೀವನಿ ಒಪಿಡಿ ಅನ್ನುವ ಆನ್‌ಲೈನ್ ಸೇವೆ ಶುರುವಾಯಿತು. ಅದು ಸರ್ಕಾರದ್ದು, ಫೀಸ್ ಇಲ್ಲ. ಮೊಬೈಲ್ ನಂಬರಿಗೆ ಬರುವ ಓಟಿಪಿ ಹಾಕಿ ಟೋಕನ್ ತಗೊಂಡರೆ, ಸರದಿ ಬಂದಾಗ ಡಾಕ್ಟರ್ ವಿಡಿಯೋದಲ್ಲಿ ಸಿಗುತ್ತಾರೆ. ಔಷಧಿ ಚೀಟಿಯೂ ಫೋನಿಗೇ ಬರುತ್ತದೆ. ಅದರಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ, ಯಾವ ಆ್ಯಪ್ ಆದರೂ ಸರಿ.

ನೆಗಡಿ, ಸಾಧಾರಣ ಜ್ವರ, ಹೊಟ್ಟೆ ಕೆಟ್ಟಿದ್ದು, ತುರಿಕೆ ಇಂಥವಕ್ಕೆ ಇದು ಸಾಕು. ನಮ್ಮಮ್ಮನ ಕೈಯಲ್ಲಿ ಗುಳ್ಳೆ ಎದ್ದಾಗ ಟ್ಯೂಬ್‌ಲೈಟ್ ಕೆಳಗೆ ತೋರಿಸಿದೆ. ಡಾಕ್ಟರಿಗೆ ಏನೂ ಕಾಣಲಿಲ್ಲ, "ಕಿಟಕಿ ಹತ್ರ ಬನ್ನಿ" ಅಂದರು. ಹಗಲು ಬೆಳಕಲ್ಲಿ ಕೈ ಹಿಡಿದ ಮೇಲೆ ಗೊತ್ತಾಯಿತು. ಆದ್ದರಿಂದ ಒಳ್ಳೆ ಬೆಳಕಿರುವ ಕಡೆ ಕೂತುಕೊಳ್ಳಿ. ಕರೆಗೆ ಮೊದಲೇ ಜ್ವರ ಎಷ್ಟಿದೆ ಅಂತ ನೋಡಿ ಬರೆದಿಡಿ. ಈಗ ತಗೊಳ್ಳುತ್ತಿರುವ ಮಾತ್ರೆಯ ಸ್ಟ್ರಿಪ್ ಕೈಯಲ್ಲೇ ಇರಲಿ. ಬಿಪಿ, ಶುಗರ್, ಅಲರ್ಜಿ ಇದ್ದರೆ ಕೇಳುವ ಮೊದಲೇ ಹೇಳಿ.

ಚಟ ಹಿಡಿಸುವಂಥ ಕೆಲವು ಮಾತ್ರೆಗಳನ್ನು ಹೀಗೆ ಬರೆದುಕೊಡುವ ಹಾಗಿಲ್ಲ, ಸುಮ್ನೆ ಒತ್ತಾಯ ಮಾಡಬೇಡಿ. ಫೋನಿನಿಂದ ಎದೆಗೆ ಸ್ಟೆತಸ್ಕೋಪ್ ಇಡೋಕಾಗಲ್ಲ, ಅಲ್ವಾ? "ನೇರವಾಗಿ ಬನ್ನಿ" ಅಂದರೆ ಹೋಗಲೇಬೇಕು. ಎದೆನೋವು, ಉಸಿರಾಟದ ತೊಂದರೆ, ಫಿಟ್ಸ್, ಹಾಲು ಕುಡಿಯದ ಎಳೆಮಗು ಇದ್ದರೆ ಆ್ಯಪ್ ತೆರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.