ಪೋಕರ್ ಟೇಬಲ್‌ನಲ್ಲಿ ಬಾಯಿಗೆ ಬಂದಂತೆ ಬೈಯುವ ಹಿರಿಯರನ್ನು ಹೇಗೆ ನಿಭಾಯಿಸುವುದು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ದಾವಣಗೆರೆಯಲ್ಲಿ ನಿಮ್ಮ ಮನೆಯಲ್ಲೇ ಏಳೆಂಟು ಜನ ವಾರಕ್ಕೊಮ್ಮೆ ಸೇರುತ್ತೀರಿ, ದುಡ್ಡಿಲ್ಲದೆ ಬರೀ ಚಿಪ್ಸ್ ಬಿಲ್ಲೆ ಇಟ್ಟು ಪೋಕರ್ ಇಸ್ಪೀಟು ಆಡುತ್ತೀರಿ. ವಯಸ್ಸಿನಲ್ಲಿ ಹಿರಿಯರಾದ ಒಬ್ಬರು ಸೋತಾಗಲೆಲ್ಲ ಗೆದ್ದವರ ಮೇಲೆ ಹರಿಹಾಯುತ್ತಾರೆ. ಹೊಸದಾಗಿ ಬಂದಿದ್ದ ಹೆಣ್ಣುಮಗಳು ಎರಡು ವಾರದಿಂದ ಬಂದಿಲ್ಲ. ‘ದೊಡ್ಡವರಿಗೆ ಹೇಗೆ ಹೇಳೋದು’ ಅಂತ ಕೇಳಿದ್ದೀರಿ.

ನಾನೂ ಇದೇ ಊರಿನವನು. ವಿದ್ಯಾನಗರದ ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಟೇಬಲ್ ಹಾಕಲು ಶುರುಮಾಡಿ ಆರು ವರ್ಷವಾಯಿತು. ನಮ್ಮಲ್ಲೂ ಹಣವಿಲ್ಲ. ಮೊದಲು ಚಿಪ್ಸ್ ಖಾಲಿಯಾದವರು ಮಾರನೇ ದಿನ ಬೆಳಿಗ್ಗೆ ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಬೇಕು, ಅಷ್ಟೇ. ಆ ದೋಸೆಯ ಆಟದಲ್ಲೂ ಬೈಗುಳ ನುಗ್ಗಿತು, ಒಳ್ಳೆಯ ಹುಡುಗನೊಬ್ಬ ಟೇಬಲ್ ಬಿಟ್ಟು ಹೋದ.

ಅವನು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಬಂದು ನಾಲ್ಕನೇ ವಾರ. ನಾವೆಲ್ಲ ಕಾಕಾ ಅಂತ ಕರೆಯುವ ಹಿರಿಯರ ಕೈಯಲ್ಲಿ ಎರಡು ಎಕ್ಕ. ಮೊದಲ ಸುತ್ತಿಗೇ ಆಲ್ ಇನ್ ಅಂದರು, ಅಂದರೆ ಇದ್ದ ಚಿಪ್ಸ್ ಎಲ್ಲ ಪಣಕ್ಕಿಟ್ಟರು. ಹುಡುಗನ ಹತ್ತಿರ ಡೈಮಂಡಿನ 7 ಮತ್ತು 8, ಉಳಿದಿದ್ದ ಸ್ವಲ್ಪ ಚಿಪ್ಸ್ ಅನ್ನೂ ಮುಂದೆ ತಳ್ಳಿದ. ನಡುವೆ, ಎಲ್ಲರಿಗೂ ಸೇರಿದ ಎಲೆಗಳಾಗಿ 5, 6, ರಾಜ, 2 ಬಿದ್ದವು. ಕೊನೆಯ ಎಲೆ 9. 5ರಿಂದ 9ರವರೆಗೆ ಐದು ಎಲೆ ಸಾಲಾಗಿ ಕೂಡಿದವು, ಅದು ಜೋಡಿ ಎಕ್ಕಕ್ಕಿಂತ ದೊಡ್ಡದು, ಹುಡುಗ ಗೆದ್ದ. ಕಾಕಾ ತಮ್ಮ ಎಕ್ಕಗಳನ್ನು ಅವನ ಎದೆಗೆ ಬೀಸಿ ಒಗೆದರು. ‘ಏನಲೇ, ಆಟ ಬರದಿದ್ರೆ ಮೂಟೆ ಹೊರಾಕ್ ಹೋಗಲೇ’ ಅಂದರು. ಅದರ ಹಿಂದೆಯೇ ಅವನ ತಾಯಿಯ ಹೆಸರೆತ್ತಿ ಒಂದು ಮಾತು. ಫ್ಯಾನ್ ಗಾಳಿಗೆ ಒಂದು ಎಕ್ಕ ನೆಲದ ಮೇಲೆ ಜಾರುತ್ತಾ ಹೋಯಿತು. ಹುಡುಗನೇ ಬಗ್ಗಿ ಅದನ್ನು ಎತ್ತಿ ಕಟ್ಟಿಗೆ ಸೇರಿಸಿದ.

ಲೆಕ್ಕ ನೋಡಿದರೆ ಹುಡುಗನದು ಕಳ್ಳಾಟವೂ ಅಲ್ಲ, ಪವಾಡವೂ ಅಲ್ಲ. ಎರಡು ಎಕ್ಕದ ಎದುರು ಒಂದೇ ಬಣ್ಣದ 7-8 ಇಟ್ಟುಕೊಂಡು ಕೊನೆಯ ಎಲೆವರೆಗೆ ಹೋದರೆ 100ಕ್ಕೆ ಸುಮಾರು 23 ಸಲ ಗೆಲ್ಲುತ್ತದೆ. ನಾಲ್ಕು ಸಲದಲ್ಲಿ ಒಂದರ ಹತ್ತಿರ. ಕಾಕಾ ಸರಿಯಾಗೇ ಆಡಿದ್ದರು, ಆದರೂ ಸೋತರು. ಈ ಆಟದಲ್ಲಿ ಅದು ಪ್ರತಿ ರಾತ್ರಿ ಒಬ್ಬರಿಗಲ್ಲ ಒಬ್ಬರಿಗೆ ಆಗುವಂಥದ್ದು.

ಆ ಹುಡುಗ ಮತ್ತೆ ಬರಲಿಲ್ಲ. ಮೂರು ವಾರ ಬಿಟ್ಟು ಫೋನ್ ಮಾಡಿದೆ. ‘ಕಾಕಾ ಬೈದಿದ್ದಕ್ಕೆ ಬ್ಯಾಸರ ಇಲ್ಲಣ್ಣ. ಅಷ್ಟು ಮಂದಿ ಕುಂತಿದ್ರಿ, ಒಬ್ರೂ ಮಾತಾಡ್ಲಿಲ್ಲ’ ಅಂದ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಮನೆ ನನ್ನದು, ಟೇಬಲ್ ನನ್ನದು, ಅವನನ್ನು ಕರೆದವನೂ ನಾನೇ. ಸುಮ್ಮನಿದ್ದೆ ಅಂದರೆ ಕಾಕಾ ಹೇಳಿದ್ದಕ್ಕೆ ಹೂಂಗುಟ್ಟಿದ ಹಾಗೇ ಆಯಿತು.

ಅದಕ್ಕೇ ನಿಮಗೆ ಮೊದಲು ಹೇಳುವುದು: ಬೈಸಿಕೊಂಡವರು ಎದುರುತ್ತರ ಕೊಡಲಿ ಅಂತ ಕಾಯಬೇಡಿ. ಮಾತಾಡಬೇಕಾದವರು ಮನೆಯವರು, ಅಂದರೆ ನೀವು. ಮಾತು ಬಂದ ಕೂಡಲೇ, ಮುಂದಿನ ಎಲೆ ಹಂಚುವ ಮುಂಚೆ.

ದೊಡ್ಡವರಿಗೆ ಹೇಗೆ ಹೇಳೋದು ಅನ್ನುವುದು ನಮ್ಮ ಕಡೆ ನಿಜಕ್ಕೂ ಕಷ್ಟದ ಪ್ರಶ್ನೆಯೇ. ‘ನಿಮ್ಮದು ತಪ್ಪು’ ಅಂದರೆ ಕೇಳುವುದಿಲ್ಲ, ರೂಲ್ಸ್ ತೋರಿಸಿದರೆ ಇನ್ನೂ ಕೆರಳುತ್ತಾರೆ. ಆದರೆ ಮನೆಗೆ ಬಂದವರ ಮರ್ಯಾದೆ ಅನ್ನುವ ಮಾತಿಗೆ ನಮ್ಮ ಹಿರಿಯರು ತಲೆಬಾಗುತ್ತಾರೆ. ಮುಂದಿನ ಸಲ ಕಾಕಾ ಬಾಯಿ ತೆಗೆದಾಗ ನಾನು ಹೇಳಿದ್ದು ಇಷ್ಟೇ: ‘ಕಾಕಾ, ಎಲೆ ಬಗ್ಗೆ ಏನ್ ಬೇಕಾದ್ರೂ ಅನ್ರಿ. ಮಂದಿ ಬಗ್ಗೆ ಬ್ಯಾಡ್ರಿ. ನಮ್ಮನಿಗೆ ಬಂದೋರು ಅವ್ರು.’ ದನಿ ಏರಿಸಲಿಲ್ಲ, ವಿವರಣೆಯನ್ನೂ ಕೊಡಲಿಲ್ಲ. ಉಳಿದ ಮಾತು ಎಲ್ಲರೆದುರು ಬೇಡ. ಸೋಮವಾರ ಬೆಳಿಗ್ಗೆ ಅವರ ಅಂಗಡಿಗೇ ಹೋಗಿ, ಚಹಾ ಕುಡಿಯುತ್ತಾ, ಆ ಹುಡುಗ ಫೋನಿನಲ್ಲಿ ಅಂದಿದ್ದನ್ನು ಹಾಗೇ ಹೇಳಿದೆ. ಅವರು ಸುಮಾರು ಹೊತ್ತು ಏನೂ ಅನ್ನಲಿಲ್ಲ. ಎರಡು ಶನಿವಾರ ಬರಲೂ ಇಲ್ಲ. ಮೂರನೆಯದಕ್ಕೆ ಬಂದರು.

ಆಮೇಲೆ ಒಂದು ಶಿಕ್ಷೆಯನ್ನೂ ಇಟ್ಟೆವು. ಟೂರ್ನಮೆಂಟ್‌ಗಳಲ್ಲಿ ಬಳಸುವುದು ಅದನ್ನೇ. ಪೋಕರ್ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಅಂತ 2001ರಲ್ಲಿ ಹುಟ್ಟಿದ ಸಂಸ್ಥೆಯೊಂದಿದೆ, ಅದರ ನಿಯಮಗಳನ್ನೇ ಬಹಳ ಕಡೆ ಅನುಸರಿಸುತ್ತಾರೆ. ಬೈದವರಿಗೆ ಎಚ್ಚರಿಕೆ, ಇಲ್ಲವೇ ಒಂದೆರಡು ಸುತ್ತು ಟೇಬಲ್‌ನಿಂದ ಹೊರಗೆ, ಮಿತಿ ಮೀರಿದರೆ ಆಟದಿಂದಲೇ ಹೊರಗೆ. ಹೊರಗಿದ್ದಾಗ ಅವರ ಎಲೆಗಳನ್ನು ಹಂಚುತ್ತಾರೆ, ಸರದಿ ಬಂದಾಗ ಎಲೆ ನೋಡುವ ಮುಂಚೆಯೇ ಇಡಬೇಕಾದ ಅವರ ಬ್ಲೈಂಡ್ ಚಿಪ್ಸ್ ಕಟ್ ಆಗುತ್ತಿರುತ್ತದೆ, ಆದರೆ ಆ ಎಲೆಗಳು ಆಟಕ್ಕೆ ಲೆಕ್ಕವಿಲ್ಲ. ನಮ್ಮಲ್ಲಿ ಅದನ್ನೇ ಸರಳ ಮಾಡಿದ್ದೇವೆ: ಒಂದು ಸಲ ಹೇಳುವುದು, ಎರಡನೇ ಸಲ ಒಂದು ಸುತ್ತು ಹೊರಗಡೆ ಕಟ್ಟೆ ಮೇಲೆ. ಜಾತಿ ಎತ್ತಿದರೆ, ತಾಯಿ ತಂಗಿ ಹೆಸರೆತ್ತಿದರೆ, ಹೆಣ್ಣುಮಕ್ಕಳಿಗೆ ಹೊಲಸು ಮಾತಾಡಿದರೆ ಎಚ್ಚರಿಕೆಯೂ ಇಲ್ಲ, ಅವತ್ತಿನ ಆಟ ಮುಗಿಯಿತು. ಇದನ್ನು ಜಗಳ ಬಿದ್ದ ಮೇಲೆ ಹೇಳಬೇಡಿ. ಆಟಕ್ಕೆ ಕೂರುವಾಗಲೇ ಎಲ್ಲರ ಕಿವಿಗೂ ಹಾಕಿ.

ನಮ್ಮೂರಲ್ಲಿ ಗೆಳೆಯರು ‘ಲೇ’ ಅನ್ನದೆ ಮಾತೇ ಆಡುವುದಿಲ್ಲ, ಅದು ಸಲಿಗೆ. ಅದನ್ನೆಲ್ಲ ನಿಲ್ಲಿಸಲು ಹೋದರೆ ಆಟ ಸಪ್ಪೆಯಾಗುತ್ತದೆ. ನಾನು ನೋಡುವುದು ಒಂದನ್ನೇ: ಗೆದ್ದಾಗಲೂ ಹಾಗೇ ಮಾತಾಡುತ್ತಾರಾ, ಸೋತಾಗ ಮಾತ್ರವಾ? ಸೋತಾಗ ಮಾತ್ರ, ಅದೂ ತಮಗಿಂತ ಚಿಕ್ಕವರಿಗೆ, ಹೊಸಬರಿಗೆ ಮಾತ್ರ ಅಂದರೆ ಅದು ಸಲಿಗೆಯಲ್ಲ.

ಇನ್ನು ಬೈಸಿಕೊಳ್ಳುವ ಜಾಗದಲ್ಲಿ ನೀವೇ ಇದ್ದರೆ? ಬೇರೆಯವರ ಟೇಬಲ್‌ನಲ್ಲಿ ನನಗೂ ಆಗಿದೆ. ಪೋಕರ್‌ನಲ್ಲಿ ಸಿಟ್ಟಿಗೆ ಬುದ್ಧಿ ಕೆಟ್ಟು ಆಡುವುದಕ್ಕೆ ಟಿಲ್ಟ್ ಅನ್ನುತ್ತಾರಲ್ಲ, ಆ ಮಾತು ಪಿನ್‌ಬಾಲ್ ಯಂತ್ರದಿಂದ ಬಂದದ್ದು. ಯಂತ್ರವನ್ನು ಜೋರಾಗಿ ಅಲುಗಾಡಿಸಿದರೆ ಟಿಲ್ಟ್ ಅಂತ ದೀಪ ಹತ್ತಿ ಗುಂಡಿಗಳು ಕೆಲಸ ನಿಲ್ಲಿಸುತ್ತವೆ. ಕೆಲವರು ಬೇಕಂತಲೇ ಬೈದು ನಮ್ಮನ್ನು ಹಾಗೆ ಅಲುಗಾಡಿಸುತ್ತಾರೆ. ಸಿಟ್ಟಿಗೆ ಮುಂದಿನ ಆಟದಲ್ಲಿ ಕೆಟ್ಟ ಎಲೆ ಹಿಡಿದು ಹಟಕ್ಕೆ ಬಿದ್ದರೆ ಅವರ ಕೆಲಸ ಆಯಿತು. ನಾನು ಉತ್ತರ ಕೊಡುವುದಿಲ್ಲ, ‘ಯಾಕೆ ಹಾಗೆ ಆಡಿದೆ’ ಅಂತ ಸಮರ್ಥನೆಯನ್ನೂ ಕೊಡುವುದಿಲ್ಲ. ಎರಡು ಸಲ ಎಲೆ ಆಡದೆ ಕೆಳಗಿಟ್ಟು, ಎದ್ದು ನೀರು ಕುಡಿದು ಬರುತ್ತೇನೆ. ಮನೆಯವರಿಗೆ ಮೆಲ್ಲಗೆ ಒಂದು ಮಾತು ಹೇಳುತ್ತೇನೆ. ಅವರೂ ಸುಮ್ಮನಿದ್ದರೆ ಮುಂದಿನ ವಾರ ಆ ಮನೆಗೆ ಹೋಗುವುದಿಲ್ಲ.

ಮೊದಲು ಆನ್‌ಲೈನ್‌ನಲ್ಲಿ ಇದು ಸುಲಭವಿತ್ತು, ಚಾಟ್ ಬಂದ್ ಮಾಡಿದರೆ ಮುಗಿಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು, ಹಣ ಕಟ್ಟುವ ಆನ್‌ಲೈನ್ ಪೋಕರ್ ನಿಂತ ಮೇಲೆ ಅಲ್ಲಿ ಆಡುತ್ತಿದ್ದ ಇಬ್ಬರು ನಮ್ಮ ಟೇಬಲ್‌ಗೆ ಬಂದರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಆಡುವುದು ಅವರಿಗೆ ಹೊಸದು. ಅವರಲ್ಲೊಬ್ಬ ಫಿಲ್ ಹೆಲ್ಮ್ಯೂತ್ ಹೆಸರು ಹೇಳಿ ಬೈಗುಳವೂ ಆಟದ ಭಾಗ ಅಂತ ವಾದಿಸಿದ. ನಿಜ, ವರ್ಲ್ಡ್ ಸೀರೀಸ್ ಅನ್ನುವ ದೊಡ್ಡ ಪೋಕರ್ ಸ್ಪರ್ಧೆಯಲ್ಲಿ ಗೆದ್ದವರಿಗೆ ಕೊಡುವ ಬ್ರೇಸ್‌ಲೆಟ್ 17 ಸಲ ಗೆದ್ದ ಆ ಆಟಗಾರನ ಕೂಗಾಟ ಜಗತ್ತಿಗೇ ಗೊತ್ತು. ಆದರೆ ಬ್ರೇಸ್‌ಲೆಟ್ ಬಂದದ್ದು ಗಂಟೆಗಟ್ಟಲೆ ಎಲೆ ಕೆಳಗಿಟ್ಟು ಕಾಯುವ ತಾಳ್ಮೆಯಿಂದ. ಅದನ್ನು ಕಲಿಯಲು ವಾದಿಸಿದ ನಮ್ಮ ಹುಡುಗ ಇನ್ನೂ ಶುರುಮಾಡಿಲ್ಲ.

ಈ ಶನಿವಾರದ ಆಟಕ್ಕೆ ಮುಂಚೆ ಆ ಹೆಣ್ಣುಮಗಳಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ. ‘ಬಾ’ ಅನ್ನುವ ಮುಂಚೆ, ‘ಅವತ್ತು ನಾನು ಮಾತಾಡಬೇಕಿತ್ತು, ಆಡಲಿಲ್ಲ’ ಅಂತ ಹೇಳಿ. ನಾನು ಮೂರು ವಾರ ತಡಮಾಡಿದೆ. ನೀವು ಇನ್ನೂ ಎರಡನೇ ವಾರದಲ್ಲಿದ್ದೀರಿ.