ಮೊಬೈಲ್ ತರಬೇತಿ ಪಡೆದ ಹಳ್ಳಿಯ ಹೆಂಗಸರು ಕಲಿತದ್ದನ್ನು ಬೇಗ ಮರೆಯುವುದು ಯಾಕೆ?

ತರಗತಿ ಮುಗಿದ ಮೇಲೆ ಎಷ್ಟೋ ಜನರ ಕೈಯಲ್ಲಿ ಫೋನೇ ಇರುವುದಿಲ್ಲ, ಅದಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದವರು ದೇಶದ ಸುಮಾರು 54% ಹೆಂಗಸರು ಮಾತ್ರ. ಹಳ್ಳಿಗಳಲ್ಲಿ ಇನ್ನೂ ಕಡಿಮೆ. ಉಳಿದವರು ಗಂಡನದ್ದೋ ಮಗನದ್ದೋ ಫೋನ್ ಕೇಳಬೇಕು. ಚುಕ್ಕಿ ರಂಗೋಲಿಯನ್ನು ಸುಮ್ನೆ ನೋಡಿ ಕಲಿಯಲು ಆಗುತ್ತದೆಯೇ? ಕೈ ಆಡಿಸಲೇಬೇಕು ಅಲ್ವಾ, ಇದೂ ಹಾಗೆಯೇ.

ಹಾಗಾಗಿ ಅವರ ಸ್ವಂತ ಕೆಲಸದಿಂದಲೇ ಶುರು ಮಾಡಿಸಿ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂತಾ ಅಂತ ಅವರೇ ನೋಡಲಿ. ಇನ್ನೊಂದು ಮಾತು, ಇದನ್ನು ಮೊದಲ ದಿನವೇ ಹೇಳಿ: ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡವೇ ಬೇಡ. ದುಡ್ಡು ಹೋದೀತು ಎಂಬ ಭಯ ಕಳೆದರೆ ಬೆರಳು ತಾನಾಗಿ ಓಡುತ್ತದೆ.